ಮೊದಲ 18 ಮೀಟರ್: ಡ್ರ್ಯಾಗ್ ಕಾರನ್ನು ಬಿರುಸಾಗಿ ಹೊರಡಿಸುವ ಬಗೆ

ಡ್ರ್ಯಾಗ್ ಓಟ ಎಂದರೆ ನಿಂತಲ್ಲಿಂದ ಹೊರಟು, ಸ್ಟ್ರಿಪ್ ಎಂಬ ನೇರ ದಾರಿಯ ಕೊನೆಯನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬ ಪಂದ್ಯ. ಅದನ್ನು ಮುಗಿಸಿ ಬಂದ ಚಾಲಕನ ಕೈಗೆ ಕೊಡುವ ಸಮಯದ ಚೀಟಿಯಲ್ಲಿ ಎಲ್ಲರ ಕಣ್ಣೂ ನೇರವಾಗಿ ಕೊನೆಯ ಸಾಲಿಗೆ, ಅಂದರೆ 402 ಮೀಟರ್ ಓಡಲು ತಗುಲಿದ ಒಟ್ಟು ಸಮಯಕ್ಕೆ ಹೋಗುತ್ತದೆ. ಕಾರನ್ನು ಸಿದ್ಧಪಡಿಸುವವನು ನೋಡಬೇಕಾದುದು ಅದೇ ಚೀಟಿಯ ಮೇಲ್ಭಾಗದಲ್ಲಿರುವ 60 ಅಡಿಯ ಸಮಯವನ್ನು. 60 ಅಡಿ ಎಂದರೆ 18.3 ಮೀಟರ್. ಈ ಮೊದಲ ತುಂಡಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದರೆ ಕೊನೆಯ ಗೆರೆಯಲ್ಲಿ ಅದು ಸುಮಾರು ಒಂದೂವರೆಯಿಂದ ಎರಡು ಪಟ್ಟಾಗಿ ಕಾಣಿಸುತ್ತದೆ ಎಂಬುದು ಈ ಕ್ರೀಡೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಅಷ್ಟೇ ಲಾಭವನ್ನು ಎಂಜಿನ್ನಿನಿಂದ ಪಡೆಯಲು ಹೊರಟರೆ ಹೆಡ್ ಬಿಚ್ಚಬೇಕು, ಕ್ಯಾಮ್ ಬದಲಿಸಬೇಕು, ಎಕ್ಸಾಸ್ಟ್ ಮಾಡಿಸಬೇಕು. ಹೊರಡುವ ಹದವನ್ನು ತಿದ್ದಲು ಬೇಕಾಗುವುದು ಒಂದು ಒಳ್ಳೆಯ ಗಾಳಿಯ ಗೇಜ್, ಒಂದು ನೋಟ್‌ಬುಕ್ ಮತ್ತು ತಾಳ್ಮೆ.

ಈ ಲೇಖನವನ್ನು ಮುಖ್ಯವಾಗಿ ನಮ್ಮಲ್ಲಿ ಹೆಚ್ಚಾಗಿ ಸಿಗುವ, ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ, ಮ್ಯಾನುಯಲ್ ಗೇರಿನ, ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕೊಡಗಿನಲ್ಲಿ ಕಾರು ಓಟದ ಹುಚ್ಚಿಗೆ ಕೊರತೆಯಿಲ್ಲ. ಭತ್ತದ ಕುಯ್ಲು ಮುಗಿದ ಗದ್ದೆಗಳಲ್ಲಿ ಆಟೋಕ್ರಾಸ್ ನೋಡುತ್ತ ಬೆಳೆದವರು ನಾವು. ಆದರೆ ಗದ್ದೆಯ ಮಣ್ಣಿನಲ್ಲಿ ಚಕ್ರ ತಿರುಗಿಸಿ ಧೂಳೆಬ್ಬಿಸುವುದು ಗೆಲ್ಲುವ ದಾರಿಯೂ ಆಗಬಹುದು, ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ ಅದೇ ಅಭ್ಯಾಸ ಸೋಲಿನ ದಾರಿಯಾಗುತ್ತದೆ. ಟೈರು ನೆಲವನ್ನು ಅತಿ ಹೆಚ್ಚು ಬಿಗಿಯಾಗಿ ಹಿಡಿಯುವುದು ಅದು ಕಾರಿನ ವೇಗಕ್ಕಿಂತ ಶೇಕಡಾ 10ರಿಂದ 20ರಷ್ಟು ಮಾತ್ರ ಹೆಚ್ಚು ತಿರುಗುವಾಗ. ಅದಕ್ಕಿಂತ ಹೆಚ್ಚು ತಿರುಗಿದರೆ ಹೊಗೆ ಬರುತ್ತದೆ, ಜನ ಕೂಗುತ್ತಾರೆ, ಪಕ್ಕದ ಲೇನಿನವನು ಮುಂದೆ ಹೋಗಿರುತ್ತಾನೆ.

ಎಲ್ಲಿ ಅಭ್ಯಾಸ ಮಾಡಬೇಕು

ಕೊಡಗಿನಲ್ಲಿ ಕಾಯಂ ಡ್ರ್ಯಾಗ್ ಸ್ಟ್ರಿಪ್ ಇಲ್ಲ. ಸ್ಪರ್ಧೆಗೆ ಹೊರಜಿಲ್ಲೆಗೋ ಹೊರರಾಜ್ಯಕ್ಕೋ ಹೋಗಬೇಕು. ಕುಶಾಲನಗರದ ಆಚೆಯ ನೇರ ರಸ್ತೆ ಬೆಳಗಿನ ಜಾವ ಖಾಲಿ ಇರುತ್ತದೆ ಎಂಬ ಮಾತನ್ನು ನಾನು ಹಲವು ಹುಡುಗರ ಬಾಯಲ್ಲಿ ಕೇಳಿದ್ದೇನೆ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನನ್ನು ಬದಿಗಿಟ್ಟರೂ, ತೋಟದ ಕೆಲಸಕ್ಕೆ ಹೊರಟವರು ರಸ್ತೆಯ ಅಂಚಿನಲ್ಲಿ ನಡೆಯುವ ಊರು ಇದು. ಆ ಮಾತನ್ನು ಅಲ್ಲಿಗೇ ಬಿಡೋಣ.

ನನ್ನ ಅಭ್ಯಾಸದ ಜಾಗ ನಮ್ಮ ಮನೆಯ ಕಾಫಿ ಕಣ. ಕಾಫಿ ಒಣಗಿ ಗೋದಾಮಿಗೆ ಹೋದ ಮೇಲೆ ಬೇಸಿಗೆಯ ಕೆಲವು ವಾರ ಅದು ಖಾಲಿ ಬಿದ್ದಿರುತ್ತದೆ. ಅಲ್ಲಿ 18 ಮೀಟರ್ ಓಡಿಸುವ ಆಸೆ ಬೇಡ. ಅಷ್ಟು ದೂರಕ್ಕೆ ಕಾರು ಗಂಟೆಗೆ 45 ಕಿ.ಮೀ. ದಾಟಿರುತ್ತದೆ, ನಿಲ್ಲಲು ಜಾಗ ಸಾಲುವುದಿಲ್ಲ. ಮೊದಲ 6 ಮೀಟರ್ ಸಾಕು, ಏಕೆಂದರೆ ಕ್ಲಚ್ಚಿನ ಆಟವೆಲ್ಲ ಹೆಚ್ಚುಕಡಿಮೆ ಅಲ್ಲೇ ತೀರ್ಮಾನವಾಗುತ್ತದೆ. ಸೀಮೆಸುಣ್ಣದಿಂದ ಎರಡು ಗೆರೆ ಎಳೆದು, ಕೊನೆಯ ಗೆರೆಯ ನೇರಕ್ಕೆ ಬದಿಯಲ್ಲಿ ಸ್ಟ್ಯಾಂಡಿನ ಮೇಲೆ ಫೋನ್ ಇಟ್ಟು, ಸೆಕೆಂಡಿಗೆ 120 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಚಕ್ರ ಅಲುಗಿದ ಫ್ರೇಮಿನಿಂದ ಟೈರು ಗೆರೆ ಮುಟ್ಟಿದ ಫ್ರೇಮಿನವರೆಗೆ ಎಣಿಸಿದರೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ನಿಖರವಾದ ಸಮಯ ಸಿಗುತ್ತದೆ. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಾತ್ರ ಜಾಗ ಗುರುತಿಸುವುದರಿಂದ ಈ ಕೆಲಸಕ್ಕೆ ಅದು ಪ್ರಯೋಜನವಿಲ್ಲ.

ಕಣವನ್ನು ಮೊದಲು ಗುಡಿಸಬೇಕು. ಕಾಫಿ ಸಿಪ್ಪೆಯ ಪುಡಿ ಟೈರಿನ ಕೆಳಗೆ ಗೋಲಿಯಂತೆ ಉರುಳುತ್ತದೆ. ಕೆಲಸ ಮುಗಿದ ಮೇಲೆ ರಬ್ಬರಿನ ಗುರುತನ್ನು ಉಜ್ಜಿ ತೊಳೆಯಬೇಕು. ಮೊದಲ ವರ್ಷ ನಾನು ತೊಳೆಯದೆ ಬಿಟ್ಟಿದ್ದೆ. ದೊಡ್ಡಪ್ಪ ಕಣದ ಮೇಲೆ ಬಗ್ಗಿ, ಕಪ್ಪು ಗೆರೆಯನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿ, “ಮುಂದಿನ ಸಲ ಪಾರ್ಚ್‌ಮೆಂಟನ್ನು ನಿನ್ನ ಮಂಚದ ಮೇಲೆ ಒಣಗಿಸ್ತೀಯೇನೋ?” ಎಂದು ಕೇಳಿದ್ದರು. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿ ಬೀಜ. ಕಾಫಿ ಸುತ್ತಲಿನ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ ಎಂದು ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ಮೊದಲು ತಪಾಸಣೆ

ಯಾವ ಹೊಂದಾಣಿಕೆಗೂ ಮುನ್ನ ಎಂಜಿನ್ ಮೌಂಟುಗಳನ್ನು, ಅಂದರೆ ಎಂಜಿನ್ನನ್ನು ಕಾರಿನ ಮೈಗೆ ಹಿಡಿದಿಡುವ ರಬ್ಬರ್ ಆಸರೆಗಳನ್ನು ನೋಡಿ. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಫುಟ್‌ಬ್ರೇಕನ್ನೂ ಒತ್ತಿ ಹಿಡಿದವರೊಬ್ಬರು ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಡಲಿ; ನೀವು ಕಾರಿನ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಂತು ನೋಡಿ. ಎಂಜಿನ್ ಎರಡು ಬೆರಳಿಗಿಂತ ಹೆಚ್ಚು ಓಲಾಡಿದರೆ ಮೌಂಟಿನ ರಬ್ಬರು ಸತ್ತಿದೆ ಎಂದೇ ಲೆಕ್ಕ. ಹೊರಡುವಾಗ ಹೀಗೆ ಓಲಾಡುವ ಎಂಜಿನ್ ಚಕ್ರಕ್ಕೆ ಹೋಗುವ ಬಲವನ್ನು ಬಿಟ್ಟು ಬಿಟ್ಟು ಕೊಡುತ್ತದೆ, ಟೈರು ನೆಲವನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಕುಪ್ಪಳಿಸತೊಡಗುತ್ತದೆ. ಇದಕ್ಕೆ ವೀಲ್ ಹಾಪ್ ಎನ್ನುತ್ತಾರೆ. ಚಕ್ರ ಸುಮ್ಮನೆ ಜಾರಿದರೆ ನಷ್ಟವಾಗುವುದು ಸಮಯ. ಕುಪ್ಪಳಿಸಿದರೆ ಮುರಿಯುವುದು ಚಕ್ರಕ್ಕೆ ಶಕ್ತಿ ಒಯ್ಯುವ ದಂಡ, ಡ್ರೈವ್ ಶಾಫ್ಟ್.

ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ನನ್ನ ಮೊದಲ ಸ್ಪರ್ಧೆಯಲ್ಲಿ ಅಭ್ಯಾಸ ಮಾಡಿದ 3,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಬಿಟ್ಟು, ಪಕ್ಕದ ಕಾರಿನ ಸದ್ದಿಗೆ ಮರುಳಾಗಿ 5,500ಕ್ಕೆ ಏರಿಸಿ ಕ್ಲಚ್ ಬಿಟ್ಟೆ. ಡ್ಯಾಶ್‌ಬೋರ್ಡ್ ಕಳಚಿ ಬೀಳುವಂತೆ ಮೂರು ನಾಲ್ಕು ಬಾರಿ ದಡದಡ ಎಂದಿತು, ಆಮೇಲೆ ಎಂಜಿನ್ ಕೂಗುತ್ತಿದ್ದರೂ ಕಾರು ನಿಂತೇ ಇತ್ತು. ಎಡಗಡೆಯ ಡ್ರೈವ್ ಶಾಫ್ಟನ್ನು ಚಕ್ರಕ್ಕೆ ಜೋಡಿಸುವ ಕೀಲು, ಅಂದರೆ ಹೊರಗಿನ ಸಿವಿ ಜಾಯಿಂಟ್ ಒಡೆದು, ಅದರ ಗುಂಡುಗಳು ಗ್ರೀಸಿನ ಜೊತೆ ಬೂಟ್ ಎಂಬ ಅದರ ರಬ್ಬರ್ ಹೊದಿಕೆಯೊಳಗೆ ಬಿದ್ದಿದ್ದವು. ಕಾರು ಲಾರಿಯ ಮೇಲೆ ಮನೆಗೆ ಬಂತು. ಮೌಂಟುಗಳನ್ನು ಬದಲಿಸುವುದಾದರೆ ಮೊದಲು ಕಂಪನಿಯ ಹೊಸ ರಬ್ಬರ್ ಮೌಂಟುಗಳನ್ನೇ ಹಾಕಿ ನೋಡಿ. ಎಂಜಿನ್ನಿನ ಓಲಾಟವನ್ನು ತಡೆಯುವ ಟಾರ್ಕ್ ಮೌಂಟ್ ಒಂದನ್ನು ಮಾತ್ರ ಗಟ್ಟಿಯಾದ ಪಾಲಿಯುರೆಥೇನ್‌ಗೆ ಬದಲಿಸಿದರೆ ದಿನಬಳಕೆಯ ಕಾರಿಗೆ ಸಾಕು. ಎಲ್ಲವನ್ನೂ ಬದಲಿಸಿದರೆ ಮಡಿಕೇರಿಯಿಂದ ವಿರಾಜಪೇಟೆಗೆ ಹೋಗಿ ಬರುವಷ್ಟರಲ್ಲಿ ಹಲ್ಲು ಅದುರುತ್ತದೆ.

ಇದರ ಜೊತೆಗೆ ಸಿವಿ ಬೂಟುಗಳು, ಲೋಯರ್ ಆರ್ಮ್ ಬುಷ್‌ಗಳು, ಶಾಕ್ ಅಬ್ಸಾರ್ಬರ್‌ಗಳು ಮತ್ತು ಚಕ್ರದ ನಟ್ಟುಗಳನ್ನು ಪರೀಕ್ಷಿಸಿ. ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿ ಮಾಡಿ.

ತೂಕದ ಲೆಕ್ಕ

ಕಾರು ಮುಂದಕ್ಕೆ ಹಾರಿದಾಗ ಅದರ ತೂಕ ಹಿಂದಿನ ಚಕ್ರಗಳ ಮೇಲೆ ಕೂರುತ್ತದೆ. ಹಿಂದಿನ ಚಕ್ರಗಳಿಂದ ಓಡುವ ಕಾರಿಗೆ ಇದು ವರ. ನಮ್ಮಂಥ ಕಾರಿಗೆ ಶಾಪ. ಎಷ್ಟು ತೂಕ ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು: ಒಟ್ಟು ತೂಕವನ್ನು ಗುರುತ್ವದ ಲೆಕ್ಕದಲ್ಲಿರುವ ವೇಗೋತ್ಕರ್ಷದಿಂದಲೂ ಗುರುತ್ವ ಕೇಂದ್ರದ ಎತ್ತರದಿಂದಲೂ ಗುಣಿಸಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರದಿಂದ ಭಾಗಿಸಬೇಕು. ಚಾಲಕನೂ ಸೇರಿ 1,000 ಕೆ.ಜಿ. ತೂಗುವ, ಗುರುತ್ವ ಕೇಂದ್ರ ನೆಲದಿಂದ 50 ಸೆಂ.ಮೀ. ಮೇಲಿರುವ, ಆಕ್ಸಲ್‌ಗಳ ಅಂತರ 2.4 ಮೀಟರ್ ಇರುವ ಕಾರು ಗುರುತ್ವದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಹೊರಟರೆ ಸುಮಾರು 104 ಕೆ.ಜಿ. ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ನಿಂತಾಗ ಮುಂದಿನ ಚಕ್ರಗಳ ಮೇಲೆ 620 ಕೆ.ಜಿ. ಇದ್ದರೆ, ಹೊರಡುವ ಗಳಿಗೆಯಲ್ಲಿ ಉಳಿಯುವುದು 516 ಮಾತ್ರ. ಒಳ್ಳೆಯ ರಸ್ತೆ ಟೈರು ಒಣ ನೆಲದಲ್ಲಿ ತನ್ನ ಮೇಲಿನ ಭಾರದಷ್ಟೇ ಬಲವನ್ನು ನೆಲಕ್ಕೆ ಕೊಡಬಲ್ಲದು ಎಂದಿಟ್ಟುಕೊಂಡರೆ, ಈ ಕಾರು ಗುರುತ್ವದ ಅರ್ಧಕ್ಕಿಂತ ಬಿರುಸಾಗಿ ಹೊರಡುವುದು ಸಾಧ್ಯವೇ ಇಲ್ಲ, ಎಂಜಿನ್ ಎಷ್ಟೇ ದೊಡ್ಡದಿರಲಿ. ಕಾರು ಒಂದಿಷ್ಟು ಉರುಳಿದ ಮೇಲೆಯೇ ಗಡಿಯಾರ ಆರಂಭವಾಗುವುದರಿಂದ, 60 ಅಡಿಯ ಲೆಕ್ಕದಲ್ಲಿ ಚೀಟಿ ಇದನ್ನು ಸುಮಾರು 2.4 ಸೆಕೆಂಡ್ ಎಂದು ತೋರಿಸುತ್ತದೆ. ನಿಮ್ಮ ಚೀಟಿಯಲ್ಲಿ 2.8 ಇದ್ದರೆ ಹೊರಡುವ ಹದದಲ್ಲೇ ಲಾಭ ಕಾದಿದೆ, 2.4ರ ಹತ್ತಿರ ಇದ್ದರೆ ಮುಂದಿನ ಹೆಜ್ಜೆ ಮೆತ್ತನೆಯ ಟೈರು ಅಥವಾ ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್.

ಈ ಲೆಕ್ಕವನ್ನು ಮುಂದಿಟ್ಟುಕೊಂಡರೆ ಹಲವು ತಪ್ಪು ಸಲಹೆಗಳು ತಾವಾಗಿಯೇ ಉದುರಿಹೋಗುತ್ತವೆ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸುವುದು ಹಿಂದಿನ ಚಕ್ರದ ಕಾರಿನವರ ಉಪಾಯ. ನಮಗೆ ಅದು ಮುಂದೆಯೇ ಇರಲಿ. ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜಾಕ್, ಕೊಡೆ, ಹಳೆಯ ಗೋಣಿಚೀಲ, ಎಲ್ಲವನ್ನೂ ಇಳಿಸಿ. ಸ್ಪ್ರಿಂಗ್ ಕತ್ತರಿಸಿ ಕಾರನ್ನು 3 ಸೆಂ.ಮೀ. ತಗ್ಗಿಸಿದರೆ ಮೇಲಿನ ಲೆಕ್ಕದಲ್ಲಿ ಹಿಂದಕ್ಕೆ ಹೋಗದಂತೆ ಉಳಿಸಿಕೊಳ್ಳುವುದು ಬರೀ 6 ಕೆ.ಜಿ.; ಅದಕ್ಕಾಗಿ ನಮ್ಮ ಊರಿನ ಗುಂಡಿಗಳಲ್ಲಿ ಎಂಜಿನ್ನಿನ ತಳದ ಆಯಿಲ್ ಸಂಪನ್ನು ಒಡೆದುಕೊಳ್ಳುವುದು ಜಾಣತನವಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ತೂಕ ಹಿಂದಕ್ಕೆ ಹೋಗುವುದೇ ಇಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಸ್ಪ್ರಿಂಗ್ ಬದಲಿಸುವುದು ಕಾರಿನ ಹಿಂಭಾಗ ಎಷ್ಟು ಕುಸಿಯುತ್ತದೆ ಎಂಬುದನ್ನು. ಕೊನೆಗೆ ವರ್ಗವಾಗುವ ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೂ ಹಿಂಭಾಗ ಕುಸಿದು ಮೂತಿ ಮೇಲೆದ್ದರೆ ಮುಂದಿನ ಚಕ್ರಗಳ ಕೋನ ಕೆಡುವುದರಿಂದ ಹಿಂದೆ ಸ್ವಲ್ಪ ಗಟ್ಟಿ ಇರುವುದು ಒಳ್ಳೆಯದು. ಅಲೈನ್‌ಮೆಂಟ್ ಮಾಡಿಸುವಾಗ ಮುಂದಿನ ಕ್ಯಾಂಬರನ್ನು (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅರ್ಧ ಡಿಗ್ರಿ ನೆಗೆಟಿವ್‌ಗಿಂತ, ಅಂದರೆ ಒಳಕ್ಕೆ ವಾಲಿದ್ದಕ್ಕಿಂತ, ಹೆಚ್ಚು ಇಡಬೇಡಿ. ಶಕ್ತಿ ಬಿದ್ದಾಗ ಮುಂದಿನ ಚಕ್ರಗಳು ಒಳಮುಖವಾಗಿ ತಿರುಗುವುದರಿಂದ, ಟೋ (ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸೊನ್ನೆ ಅಥವಾ ಒಂದು ಮಿಲಿಮೀಟರಿನಷ್ಟು ಹೊರಮುಖವಾಗಿ ಇರಲಿ.

ಟೈರಿನ ಗಾಳಿ, ಘಟ್ಟದ ಮೇಲೆ ಮತ್ತು ಕೆಳಗೆ

ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ರಸ್ತೆಯ ರೇಡಿಯಲ್ ಟೈರುಗಳಲ್ಲಿ ಸಾಮಾನ್ಯವಾಗಿ 30ರಿಂದ 32 ಪಿಎಸ್‌ಐ (ಗೇಜು ತೋರಿಸುವ ಗಾಳಿಯ ಒತ್ತಡದ ಅಳತೆ) ಇರುತ್ತದೆ. ಮುಂದಿನ ಎರಡನ್ನು 28ಕ್ಕೆ ಇಳಿಸಿ ಆರಂಭಿಸಿ, ಪ್ರತಿ ಓಟದ ನಂತರ 1 ಪಿಎಸ್‌ಐ ಇಳಿಸುತ್ತ ಸಮಯ ಬರೆದುಕೊಳ್ಳಿ. ಒಂದು ಹಂತದಲ್ಲಿ ಸಮಯ ಸುಧಾರಿಸುವುದು ನಿಲ್ಲುತ್ತದೆ, ಕಾರು ಕೊನೆಯ ಗೆರೆಯ ಬಳಿ ಹಾವಿನಂತೆ ಅಲುಗತೊಡಗುತ್ತದೆ. ಅಲ್ಲಿಂದ 1 ಪಿಎಸ್‌ಐ ಏರಿಸಿ ನಿಲ್ಲಿಸಿ. ನನ್ನ ಕಾರಿಗೆ ಅದು 24ರ ಆಸುಪಾಸಿನಲ್ಲಿ ಬರುತ್ತದೆ. ರಸ್ತೆ ಟೈರನ್ನು 20ಕ್ಕಿಂತ ಕೆಳಗಿಳಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಿಂದಿನ ಟೈರುಗಳು ಸುಮ್ಮನೆ ಉರುಳಿದರೆ ಸಾಕು, ಹಾಗಾಗಿ ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿಯೊಳಗೆ 36ರಿಂದ 38ರವರೆಗೆ ತುಂಬಿ. ಅರ್ಧ ಸವೆದ ಟೈರು ಹೊಸದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ಏಕೆಂದರೆ ಹೊಸ ಟೈರಿನ ಮೈಮೇಲಿನ ಎತ್ತರದ ರಬ್ಬರ್ ಗುಬ್ಬಿಗಳು ಒತ್ತಡಕ್ಕೆ ಬಾಗುತ್ತವೆ. ಆದರೆ ಆ ಟೈರುಗಳನ್ನು ಬೇರೆ ರಿಮ್ಮಿನಲ್ಲಿಟ್ಟು ಸ್ಪರ್ಧೆಗೆ ಮಾತ್ರ ಬಳಸಿ, ಜೂನ್ ತಿಂಗಳ ಮಳೆಗೆ ಅವನ್ನು ರಸ್ತೆಗಿಳಿಸಬೇಡಿ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 2 ಪಿಎಸ್‌ಐ ಕಡಿಮೆ. ಗೇಜು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನಾದ್ದರಿಂದ, ಇಲ್ಲಿ 26 ತುಂಬಿಸಿದ ಟೈರು ಚೆನ್ನೈಯಂಥ ಸಮುದ್ರಮಟ್ಟದ ಊರಿನಲ್ಲಿ 24 ತೋರಿಸಬೇಕು. ಆದರೆ ಇಲ್ಲಿ ತುಂಬಿಸಿದ್ದು 18 ಡಿಗ್ರಿಯ ಮುಂಜಾನೆ, ಅಲ್ಲಿ ಅಳೆಯುವುದು 34 ಡಿಗ್ರಿಯ ಮಧ್ಯಾಹ್ನ ಎಂದಾದರೆ ಬಿಸಿಗೆ ಮತ್ತೆ ಸುಮಾರು 2 ಪಿಎಸ್‌ಐ ಏರುತ್ತದೆ, ಗೇಜು 26ರಲ್ಲೇ ನಿಂತಿರುತ್ತದೆ. ಏನೂ ಬದಲಾಗಿಲ್ಲ ಎಂದು ನಂಬಿ ಸಂಜೆಯ ತಂಪಿನಲ್ಲಿ ಓಡಿದವನ ಟೈರಿನಲ್ಲಿ ಗಾಳಿ ಕಡಿಮೆಯಾಗಿರುತ್ತದೆ. ಆದ್ದರಿಂದ ಮನೆಯಲ್ಲಿ ತುಂಬಿಸಿದ ಸಂಖ್ಯೆಯನ್ನು ಮರೆತು, ಪ್ರತಿ ಓಟಕ್ಕೂ ಮುನ್ನ ಸ್ಟ್ರಿಪ್ಪಿನಲ್ಲೇ, ಒಂದೇ ಗೇಜಿನಿಂದ ಅಳೆಯಿರಿ.

ಎಂಜಿನ್ನಿಗೂ ಇದೇ ಎತ್ತರ ಆಟ ಆಡಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿಯಲ್ಲಿ ಅದು ಶೇಕಡಾ 11ರಷ್ಟಾಗುತ್ತದೆ. ಅಂದರೆ ಇಲ್ಲಿ ಹದವಾಗಿದ್ದ ಹೊರಡುವ ಆರ್‌ಪಿಎಂ, ನಾವು ಘಟ್ಟ ಇಳಿದು ಹೋದಾಗ ಅತಿಯಾಗುತ್ತದೆ, ಏಕೆಂದರೆ ಅಲ್ಲಿ ಅದೇ ಎಂಜಿನ್ ಹೆಚ್ಚು ಬಲ ಕೊಡುತ್ತದೆ. ಇಂಜೆಕ್ಷನ್ ಇರುವ ಕಾರಿನಲ್ಲಿ ಪೆಟ್ರೋಲಿನ ಅಳತೆಯನ್ನು ಇಸಿಯು (ಎಂಜಿನ್ನನ್ನು ನಡೆಸುವ ಕಂಪ್ಯೂಟರ್) ತಾನೇ ಸರಿಪಡಿಸಿಕೊಳ್ಳುತ್ತದೆ. ಹಳೆಯ ಕಾರ್ಬುರೇಟರ್ ಕಾರಿನವರು ಮಾತ್ರ ಎಚ್ಚರದಿಂದಿರಬೇಕು: ಇಲ್ಲಿನ ತೆಳು ಗಾಳಿಗೆ ಹೊಂದುವಂತೆ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ರಂಧ್ರದ ತುಣುಕು) ಹಾಕಿಸಿದ್ದರೆ, ಸಮುದ್ರಮಟ್ಟದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ ಮಿಶ್ರಣ ಬಡವಾಗಿ, ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಎಂಜಿನ್ ನಾಕ್ ಆಗಿ ಪಿಸ್ಟನ್ ಸುಡಬಹುದು. ಒಂದು ಅಳತೆ ದೊಡ್ಡ ಜೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಮೊದಲ ಓಟದ ನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಅದು ಸುಣ್ಣದಂತೆ ಬೆಳ್ಳಗಿದ್ದರೆ ಎರಡನೇ ಓಟ ಜೆಟ್ ಬದಲಿಸಿದ ಮೇಲೆಯೇ.

ಕ್ಲಚ್ ಮತ್ತು ಆರ್‌ಪಿಎಂ

ತೋಟದ ಏರಿನಲ್ಲಿ, ಹಿಂದೆ ಚೀಲ ತುಂಬಿದ ಜೀಪನ್ನು ಹಾಫ್ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸಿ, ಒಂದಿಂಚೂ ಹಿಂದೆ ಸರಿಯದಂತೆ ಹೊರಡಿಸುವವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಡ್ರ್ಯಾಗ್ ಲಾಂಚಿಗೆ ಬೇಕಾಗುವ ಕಾಲು ಅದೇ. ಕ್ಲಚ್ಚನ್ನು ಒಮ್ಮೆಗೇ ಬಿಟ್ಟುಬಿಡುವುದು ಶಕ್ತಿವಂತ ಕಾರಿನ, ಅಂಟುವ ಸ್ಲಿಕ್ ಟೈರಿನ ವಿಧಾನ. ಸಣ್ಣ ಕಾರಿನಲ್ಲಿ ಹಾಗೆ ಮಾಡಿದರೆ ಒಂದೋ ಚಕ್ರ ಹುಚ್ಚೆದ್ದು ತಿರುಗುತ್ತದೆ, ಇಲ್ಲವೇ ಎಂಜಿನ್ ಗಂಟಲು ಕಟ್ಟಿದಂತೆ ಕುಸಿಯುತ್ತದೆ. ಪೆಡಲನ್ನು ಕಚ್ಚುವ ಬಿಂದುವಿನವರೆಗೆ, ಅಂದರೆ ಕ್ಲಚ್ ಹಿಡಿಯಲು ಆರಂಭಿಸುವ ಜಾಗದವರೆಗೆ ತಟ್ಟನೆ ತಂದು, ಅಲ್ಲಿ ಸುಮಾರು ಒಂದೂವರೆ ಸೆಕೆಂಡ್ ಜಾರಿಸುತ್ತ, ಕಾರಿನ ವೇಗ ಎಂಜಿನ್ನಿನ ವೇಗವನ್ನು ಸೇರಿದಾಗ ಪೂರ್ತಿ ಬಿಡಬೇಕು. ಆ ಒಂದೂವರೆ ಸೆಕೆಂಡಿನಲ್ಲಿ ಆರ್‌ಪಿಎಂ ಮುಳ್ಳು ಹೆಚ್ಚುಕಡಿಮೆ ಅಲುಗದೆ ನಿಂತಿದ್ದರೆ ಹದ ಸಿಕ್ಕಿದೆ ಎಂದರ್ಥ.

ಕ್ಲಚ್ ಕೇಬಲ್ಲಿನ ಸಡಿಲವನ್ನು ಕಾರಿನ ಕೈಪಿಡಿ ಹೇಳಿದಷ್ಟಕ್ಕೆ ಸರಿಪಡಿಸಿ, ಪೆಡಲ್ ಎಲ್ಲಿ ಕಚ್ಚುತ್ತದೆ ಎಂಬುದನ್ನು ಕಾಲಿಗೆ ರೂಢಿ ಮಾಡಿಸಿ. ನಂತರ 3,000 ಆರ್‌ಪಿಎಂನಿಂದ ಆರಂಭಿಸಿ 250ರಂತೆ ಏರಿಸುತ್ತ ಹೋಗಿ. ಪ್ರತಿ ಹಂತದಲ್ಲೂ ಕನಿಷ್ಠ ಮೂರು ಬಾರಿ ಹೊರಟು ಸರಾಸರಿ ತೆಗೆಯಿರಿ; ಒಂದೇ ಒಂದು ಒಳ್ಳೆಯ ಸಮಯವನ್ನು ನಂಬಬೇಡಿ. ಮೂರು ಬಾರಿ ಹೊರಟ ಮೇಲೆ ಹದಿನೈದು ನಿಮಿಷ ಕಾರಿಗೆ ವಿಶ್ರಾಂತಿ ಕೊಡಿ. ಸುಟ್ಟ ವಾಸನೆ ಬಂದರೆ ಅಂದಿನ ಅಭ್ಯಾಸ ಮುಗಿಯಿತು, ಏಕೆಂದರೆ ಕಾದ ಪ್ಲೇಟು ಬೇರೆಯೇ ಜಾಗದಲ್ಲಿ ಕಚ್ಚುತ್ತದೆ, ಅದರ ಮೇಲೆ ಕಲಿತದ್ದೆಲ್ಲ ಸುಳ್ಳಾಗುತ್ತದೆ. ಎಂಜಿನ್ನಿನ ಜೊತೆ ತಿರುಗುವ ಭಾರದ ಗಾಲಿಯಾದ ಫ್ಲೈವ್ಹೀಲನ್ನು ಕಡೆದು ಹಗುರ ಮಾಡಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಸಣ್ಣ ಎಂಜಿನ್ನಿನವರು ಒಪ್ಪಬೇಡಿ. ಹೊರಡುವ ಗಳಿಗೆಯಲ್ಲಿ ಕಾರನ್ನು ತಳ್ಳುವುದು ಆ ಭಾರದಲ್ಲಿ ಕೂಡಿಟ್ಟ ಶಕ್ತಿಯೇ.

ಹೊರಡುವ ಮುನ್ನ ಆರ್‌ಪಿಎಂ ಒಂದು ಮಿತಿ ದಾಟದಂತೆ ತಡೆಯುವ ಲಾಂಚ್ ಲಿಮಿಟರನ್ನು ಇಸಿಯುವಿನಲ್ಲಿ ಹಾಕಿಸುವ ಅನುಕೂಲವಿದ್ದರೆ, ಹದವನ್ನು ಕಾಲಿನಿಂದ ಕಂಡುಕೊಂಡ ನಂತರ ಆ ಸಂಖ್ಯೆಗೆ ಹಾಕಿಸಿ. ಸಂಖ್ಯೆ ಗೊತ್ತಿಲ್ಲದವನಿಗೆ ಲಿಮಿಟರ್ ಹಣ ದಂಡ.

ಓಟದ ದಿನ

ಟೈರು ಒದ್ದೆ ಮಾಡಿ ತಿರುಗಿಸಿ ಬಿಸಿ ಮಾಡಲು ನೀರಿನ ಗುಂಡಿ ಇದ್ದರೆ, ರಸ್ತೆ ಟೈರಿನವರು ಅದಕ್ಕೆ ಇಳಿಯದೆ ಸುತ್ತು ಹಾಕಿ ಹೋಗಬೇಕು. ಟೈರಿನ ಸಂದುಗಳಲ್ಲಿ ನಿಂತ ನೀರು ಹೊರಡುವ ಗೆರೆಯ ಮೇಲೇ ಸುರಿಯುತ್ತದೆ. ಒಣ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಎರಡು ಸೆಕೆಂಡ್ ಚಕ್ರ ತಿರುಗಿಸಿದರೆ ಅಂಟಿದ ಕಲ್ಲುಪುಡಿ ಉದುರುತ್ತದೆ, ಅಷ್ಟು ಸಾಕು. ಹೆಚ್ಚು ಕಾಯಿಸಿದ ರಸ್ತೆ ಟೈರು ಎಣ್ಣೆ ಹಚ್ಚಿದಂತೆ ಜಾರುತ್ತದೆ.

ಗೆರೆಯ ಬಳಿ ಎರಡು ಬೆಳಕಿನ ಕಿರಣಗಳಿರುತ್ತವೆ. ಮುಂದಿನ ಟೈರು ಎರಡನೆಯದನ್ನು ತಡೆದು ಅದರ ದೀಪ ಹೊತ್ತಿಕೊಂಡ ಕ್ಷಣದಲ್ಲೇ ನಿಲ್ಲಿ, ಇನ್ನೂ ಮುಂದೆ ತೆವಳಬೇಡಿ. ಗಡಿಯಾರ ಆರಂಭವಾಗುವುದು ಮುಂದಿನ ಟೈರು ಆ ಕಿರಣವನ್ನು ಬಿಟ್ಟು ಹೋದಾಗ. ಹಿಂದೆ ನಿಂತವನಿಗೆ ಅಷ್ಟರಲ್ಲಿ ಒಂದಿಷ್ಟು ವೇಗ ಬಂದಿರುತ್ತದೆ. ಹಳದಿ ದೀಪಗಳು ಅರ್ಧ ಸೆಕೆಂಡಿಗೊಂದರಂತೆ ಇಳಿದು ಬರುವ ಪದ್ಧತಿಯಲ್ಲಿ ಕೊನೆಯ ಹಳದಿ ಕಂಡ ತಕ್ಷಣ ಕ್ಲಚ್ ಬಿಡಬೇಕು. ಹಸಿರು ಕಾಣುವವರೆಗೆ ಕಾದರೆ ತಡವಾಯಿತು. ನಿಮ್ಮ ಪ್ರತಿಕ್ರಿಯೆಯ ಸಮಯ ಓಟದ ಸಮಯದಲ್ಲಿ ಸೇರುವುದಿಲ್ಲವಾದ್ದರಿಂದ, ಕಾರಿನ ಹದ ಹುಡುಕುವ ಓಟಗಳಲ್ಲಿ ದೀಪದ ಚಿಂತೆ ಬಿಟ್ಟು ನಿಧಾನವಾಗಿಯೇ ಹೊರಡಬಹುದು.

ಪ್ರತಿ ಓಟದ ನಂತರ ಕಾರಿನಿಂದ ಇಳಿಯುವ ಮೊದಲೇ ಬರೆಯಿರಿ: ಗಂಟೆ, ನೆಲದ ಬಿಸಿ, ನಾಲ್ಕೂ ಟೈರಿನ ಗಾಳಿ, ಆರ್‌ಪಿಎಂ, 60 ಅಡಿಯ ಸಮಯ, ಚಕ್ರ ಜಾರಿತೋ ಎಂಜಿನ್ ಕುಸಿಯಿತೋ ಎಂಬ ಒಂದು ಪದ. ಮುಂದಿನ ಓಟಕ್ಕೆ ಒಂದನ್ನು ಮಾತ್ರ ಬದಲಿಸಿ. ಗಾಳಿಯನ್ನೂ ಆರ್‌ಪಿಎಂ ಅನ್ನೂ ಒಟ್ಟಿಗೆ ಬದಲಿಸಿ ಸಮಯ ಸುಧಾರಿಸಿದರೆ, ಯಾವುದರಿಂದ ಸುಧಾರಿಸಿತು ಎಂದು ದೇವರಿಗೂ ತಿಳಿಯುವುದಿಲ್ಲ.

ವಾಪಸು ಹೊರಡುವ ಮುನ್ನ ಸಿವಿ ಬೂಟಿನಿಂದ ಗ್ರೀಸ್ ಚಿಮ್ಮಿದೆಯೇ, ಮೌಂಟಿನ ಬೋಲ್ಟುಗಳು ಸಡಿಲವಾಗಿವೆಯೇ, ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಿ, ಸ್ಟೆಪ್ನಿಯನ್ನು ಮತ್ತೆ ಡಿಕ್ಕಿಗೆ ಹಾಕಿ, ರಸ್ತೆಯ ಟೈರುಗಳನ್ನು ಜೋಡಿಸಿ, ನಾಲ್ಕಕ್ಕೂ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿಸಿ.